ಬಂದವರು ನಿಲ್ಲುವ ಶಾಲೆ

ಕೃಷ್ಣೆ ತಾನಾಗಿ ಎತ್ತರಕ್ಕೆ ಹರಿಯುವವಳಲ್ಲ. ಆಲಮಟ್ಟಿಯ ಹಿನ್ನೀರನ್ನು ಮುಳವಾಡ ಏತ ನೀರಾವರಿ ಯೋಜನೆ ಮೇಲೆತ್ತಿದ ಮೇಲೆಯೇ ಅವಳು ನಮ್ಮ ವಿಜಯಪುರ ಸೀಮೆಯ ಒಣಹೊಲಗಳತ್ತ ಹೊರಟದ್ದು. ವಿದ್ಯೆಯೂ ಹಾಗೆಯೇ ಅಲ್ಲವೇ? ಅನುಕೂಲವಿದ್ದಲ್ಲಿಗೆ ತಾನೇ ಇಳಿದುಹೋಗುತ್ತದೆ. ಇಲ್ಲದಲ್ಲಿಗೆ ನಾವೇ ಎತ್ತಿ ಒಯ್ಯಬೇಕು.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿದವು. ಹಿಂದುಳಿಯುವುದೆಂದರೇನು? ರಸ್ತೆಯಿಲ್ಲದ್ದು, ಆಸ್ಪತ್ರೆಯಿಲ್ಲದ್ದು ಕಣ್ಣಿಗೆ ಕಾಣುತ್ತದೆ. ಎಂಟನೆಯ ತರಗತಿಯ ಹುಡುಗಿ ‘ಮೈನಸ್ ಇಂಟು ಮೈನಸ್ ಪ್ಲಸ್ ಹೆಂಗ ಆಗತೈತ್ರಿ ಸರ್?’ ಎಂದು ಕೇಳಿ, ‘ಹಂಗ ಬರಕೋ’ ಎಂಬ ಉತ್ತರಕ್ಕೆ ತಲೆ ತಗ್ಗಿಸಿ ಕೂರುವುದು ಯಾವ ಪಟ್ಟಿಯಲ್ಲಿ ಕಂಡೀತು? ಹಾಗೆಂದ ಸಮಾಜ ವಿಜ್ಞಾನದ ಗುರುಗಳದು ತಪ್ಪಲ್ಲ. ಭೌತ, ರಸಾಯನ, ಗಣಿತ ಕಲಿಸುವ ಪಿಸಿಎಂ ಶಿಕ್ಷಕರ ಹುದ್ದೆ ಖಾಲಿ ಬಿದ್ದಾಗ ಪಾಠ ನಿಲ್ಲಬಾರದೆಂದು ಅವರು ಹೊತ್ತ ಹೊರೆ ಅದು. ಆದರೂ ಅಂದು ಆ ಮಗುವಿನಲ್ಲಿ ಕೇಳುವ ಧೈರ್ಯವೇ ಕುಂದುತ್ತದೆ.

2022ರಲ್ಲಿ ರಾಜ್ಯ ಸರ್ಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಕೈಹಾಕಿತು. ಅದು ಬೇಕಾಗಿದ್ದ ಕೆಲಸವೇ. ಆದರೆ ನೇಮಕಾತಿ ಆದೇಶ ಹಿಡಿದು ಬಂದವರು ಮೊದಲ ದಿನದಿಂದಲೇ ವರ್ಗಾವಣೆ ಕೌನ್ಸೆಲಿಂಗ್‌ನ ದಾರಿ ಕಾಯತೊಡಗಿದರೆ, ಹುದ್ದೆ ತುಂಬಿದರೂ ತರಗತಿ ತುಂಬೀತೇ? ಅವರನ್ನು ದೂರುವುದು ಸುಲಭ. ಬಾಡಿಗೆ ಮನೆ ಸಿಗದ, ಸಂಜೆಯ ಬಸ್ಸಿಲ್ಲದ ಊರಿಗೆ ಬಂದಿಳಿದ ಶಿಕ್ಷಕಿಗಾಗಿ ನಾವೇನು ಮಾಡಿದ್ದೇವೆ?

ಶಿಕ್ಷಕರ ಸಿದ್ಧತೆಯ ಮಾತೂ ಇದೆ. 1963ರಲ್ಲಿ ಆರಂಭವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ವಿಜ್ಞಾನವನ್ನೂ ಅದನ್ನು ಕಲಿಸುವ ಬಗೆಯನ್ನೂ ನಾಲ್ಕು ವರ್ಷ ಜೊತೆಜೊತೆಗೆ ಕಲಿಸುವ ದಾರಿ ತೋರಿತು. ಗಣಿತ ಬಲ್ಲವರೆಲ್ಲರೂ ಗಣಿತ ಕಲಿಸಬಲ್ಲರೆಂದಿಲ್ಲ ಎಂಬ ಅರಿವು ಅದರ ಹಿಂದಿದೆ. ನಮ್ಮ ಸೀಮೆಗೆ ಬರುವವರಿಗೆ ಈ ನೆಲದ ಒಡನಾಟವೂ ಬೇಕು. ಬೇಸಿಗೆಯಲ್ಲಿ ಎರೆಭೂಮಿ ಬಾಯಿ ಬಿಡುವುದೇಕೆ? ನೀರು ಹೀರಿ ಉಬ್ಬಿದ ಜೇಡಿ ಒಣಗಿದಾಗ ಕುಗ್ಗುತ್ತದೆ. 10 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳಕ್ಕೆ ನೆಟ್ಟಗೆ ತೋಡಿದ ಕೃಷಿಹೊಂಡದಲ್ಲಿ ಎಷ್ಟು ನೀರು ನಿಲ್ಲುತ್ತದೆ? 3 ಲಕ್ಷ ಲೀಟರ್. ಅಪ್ಪನ ಹೊಲದಲ್ಲೇ ಘನಫಲ ಕಂಡ ಮಗು ಗಣಿತಕ್ಕೆ ಅಂಜುವುದೇ?

ಬಸವಣ್ಣನವರು ಬಾಳಿದ ಹನ್ನೆರಡನೆಯ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ ಗಣಿತ ಬರೆದ. ನಮ್ಮ ನುಡಿಗೆ ಲೆಕ್ಕ ಹೊಸತಲ್ಲ, ನಮ್ಮ ಮಕ್ಕಳಿಗೆ ಅದು ನಿಲುಕದ್ದೂ ಅಲ್ಲ. ಹಾಗಿದ್ದಮೇಲೆ ಹೊರಗಿನವರ ದಾರಿಯನ್ನಷ್ಟೇ ನಾವೇಕೆ ನೋಡುತ್ತಿರಬೇಕು? ಪಿಯುಸಿ ವಿಜ್ಞಾನ ಓದುವ ಈ ಊರುಗಳ ಹೆಣ್ಣುಮಕ್ಕಳಿಗೆ, ಗಂಡುಮಕ್ಕಳಿಗೆ ಬಿ.ಎಡ್.ವರೆಗೆ ಓದಿನ ಖರ್ಚು ಕೊಟ್ಟು, ಶಿಕ್ಷಕರಾಗಿ ಮರಳಿ ಕರೆಸಿಕೊಳ್ಳೋಣ. ಹೊರಗಿನಿಂದ ಬಂದವರಿಗೆ ಮನೆಯನ್ನೂ ಮರ್ಯಾದೆಯನ್ನೂ ಕೊಡೋಣ. ಶಿಕ್ಷಕರನ್ನು ಕಳಿಸುವ ಹೊಣೆ ಸರ್ಕಾರದ್ದು. ಬಂದವರು ನಿಲ್ಲುವಂತೆ ನೋಡಿಕೊಳ್ಳುವ ಹೊಣೆ ನಮ್ಮದು.