ಸೋತವರ ಪಕ್ಕದಲ್ಲಿ

ಚಾಮುಂಡಿ ಬೆಟ್ಟದ ತಪ್ಪಲಿನ ಯುವಕನೊಬ್ಬ ಬೆಂಗಳೂರು ಎಫ್‌ಸಿ ತಂಡದ ಕಟ್ಟಾ ಅಭಿಮಾನಿ. 2019ರಲ್ಲಿ ಆ ತಂಡವು ಗೋವಾವನ್ನು 1-0ರಿಂದ ಸೋಲಿಸಿ ಐಎಸ್‌ಎಲ್ ಪ್ರಶಸ್ತಿ ಗೆದ್ದಾಗ ಬೀದಿಗೆಲ್ಲ ಸಿಹಿ ಹಂಚಿದ್ದ. 2023-24ರಲ್ಲಿ ಅದೇ ತಂಡ ಹನ್ನೆರಡರಲ್ಲಿ ಹತ್ತನೆಯದಾಯಿತು. "ಉಸ್ತಾದರೇ, ಈಗ ಆಟ ನೋಡಲು ಮನಸ್ಸೇ ಬರುವುದಿಲ್ಲ. ಇದು ದ್ರೋಹವೇ?" ಎಂದು ಕೇಳಿದ.

ಖಂಡಿತ ಅಲ್ಲ. ಆಟ ಆಟವೇ. ಇಶಾ ನಮಾಝನ್ನು ಮುಂದೂಡಿ ಟಿ.ವಿ. ಮುಂದೆ ಕೊರಗುವುದಕ್ಕಿಂತ ಬಿಟ್ಟುಬಿಡುವುದೇ ಲೇಸು.

ಆದರೆ ಪ್ರಿಯ ಓದುಗರೇ, ಗೆದ್ದವರ ಜೊತೆಗಷ್ಟೇ ನಿಲ್ಲುವ ಈ ಚಾಳಿ ಮೈದಾನದಲ್ಲೇ ಉಳಿಯುತ್ತದೆಯೇ? ಒಳಿತಾದರೆ ನೆಮ್ಮದಿಯಿಂದಿದ್ದು, ಪರೀಕ್ಷೆ ಎದುರಾದೊಡನೆ ಅಲ್ಲಾಹನಿಂದ ಮುಖ ತಿರುಗಿಸುವವರ ಬಗ್ಗೆ ಪವಿತ್ರ ಕುರ್‌ಆನ್ (22:11) ಎಚ್ಚರಿಸಿದೆ. ಅದಿರಲಿ, ವ್ಯಾಪಾರದಲ್ಲಿ ಕೈಸುಟ್ಟುಕೊಂಡ ನಿಮ್ಮ ಅಣ್ಣನ ಮನೆಗೆ ನೀವು ಸಲಾಮ್ ಹೇಳಿ ಹೋಗಿ ಎಷ್ಟು ತಿಂಗಳಾಯಿತು?