ಕಡ್ಡಾಯದ ಒಕ್ಕಣೆ

ಕಾಗದದ ತಲೆಯಲ್ಲಿ ಉಭಯಕುಶಲೋಪರಿ ಎಂದು ಬರೆದ ಮಾತ್ರಕ್ಕೆ ಮನೆಯಲ್ಲಿ ಕಾಯಿಲೆ ಇಲ್ಲವೆಂದಲ್ಲ. ಆದರೂ ಆ ಮಾತು ಬರೆಯುವವನ ಕೈಯನ್ನು ಒಂದು ಗಳಿಗೆ ತಡೆಯುತ್ತದೆ: ನಿಜವಾಗಿ ಕುಶಲವೇ?

ಇಂಟರ್ನೆಟ್ಟಿನ ನಿಯಮಗಳನ್ನು ರೂಪಿಸುವ ಐಇಟಿಎಫ್‌ನ ಕರಡಿಗೂ ಇಂಥ ಕಡ್ಡಾಯದ ಒಕ್ಕಣೆಗಳುಂಟು. ಮೊದಲ ಪುಟದಲ್ಲೇ ಅದು ತನ್ನ ಆಯುಸ್ಸನ್ನು ಹೇಳಿಕೊಳ್ಳುತ್ತದೆ. ಹೆಚ್ಚೆಂದರೆ 6 ತಿಂಗಳು. ಸಾಯುವ ದಿನವನ್ನು ಹಣೆಯಲ್ಲಿ ಹೊತ್ತು ಹುಟ್ಟಿದ ಬರಹಕ್ಕೆ ಜಂಬ ಒಗ್ಗದು.

ಕರಡಿನ ಎಣಿಕೆ 00ರಿಂದ ಶುರು. ಆರ್‌ಎಫ್‌ಸಿ ಎಂಬ ಅಂತಿಮ ಪತ್ರವಾಗಿ ಅದಕ್ಕೊಂದು ಸಂಖ್ಯೆ ಸಿಕ್ಕಿತೋ, ಆಮೇಲೆ ಅದರ ಅರ್ಥ ಕದಲದು. ತಪ್ಪು ಕಂಡರೆ ಪಕ್ಕದಲ್ಲೊಂದು ತಪ್ಪೋಲೆ. ಕಲ್ಲಾಗುವ ಮುನ್ನ ಅದು ಮಣ್ಣು. ತಿದ್ದುವವರು ಮಣ್ಣಿದ್ದಾಗಲೇ ಬರಬೇಕು.

ಮೌನ ಮರೆವೋ ಉತ್ತರವೋ ಯಾರೂ ಹೇಳಲಾರರು. ಅದಕ್ಕೇ, ಇಂಟರ್ನೆಟ್ಟಿನ ಸಂಖ್ಯೆ ಹೆಸರುಗಳ ದಫ್ತರವಾದ ಐಯಾನಾ ದಾಖಲಿಸಬೇಕಾದ ಹೊಸ ಸಂಖ್ಯೆ, ಹೊಸ ಹೆಸರು ಯಾವುದೂ ಇಲ್ಲದಿದ್ದರೆ, ಇಲ್ಲವೆಂದೇ ಒಂದು ಸಾಲು ಬರೆಯಬೇಕು. ಬರೆದ 'ಇಲ್ಲ'ಕ್ಕೆ ಹೊಣೆಗಾರನಿದ್ದಾನೆ.

ಕರಡಿನ ತಪಾಸಣೆಯ ತಂತ್ರಾಂಶ ಕಡ್ಡಾಯದ ಶೀರ್ಷಿಕೆ ಇದೆಯೇ ಎಂದು ನೋಡುತ್ತದೆ. ಶೀರ್ಷಿಕೆಯ ಕೆಳಗೆ ಮನಸ್ಸಿಟ್ಟಿದ್ದಾರೆಯೇ ಎಂದು ನೋಡಲು ಇನ್ನೊಂದು ಮನಸ್ಸೇ ಬೇಕು.

ಮಾಡಲೇಬೇಕು, ಮಾಡುವುದು ಒಳಿತು, ಮಾಡಬಹುದು. ಈ ಮೂರರ ಅಂತರವನ್ನು 1997ರ ಆರ್‌ಎಫ್‌ಸಿ 2119 ಕಟ್ಟಿಕೊಟ್ಟಿತು. ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದಾಗ ಮಾತ್ರ ಆ ಪದಗಳಿಗೆ ಆ ಬಲ ಎಂದು ಸ್ಪಷ್ಟಪಡಿಸಲು ಮತ್ತೆ 20 ವರ್ಷ ಹಿಡಿಯಿತು. ಕನ್ನಡಕ್ಕೆ ದೊಡ್ಡಕ್ಷರವಿಲ್ಲ, ನಮ್ಮ ಕಾಯಿದೆಗಳಲ್ಲಿ ಆ ಭಾರವನ್ನು 'ತಕ್ಕದ್ದು' ಹೊರುತ್ತದೆ.

ಸುರಕ್ಷತೆಯ ಬಗ್ಗೆ ಪ್ರತಿ ಆರ್‌ಎಫ್‌ಸಿಯಲ್ಲೂ ಒಂದು ಭಾಗವಿರತಕ್ಕದ್ದು ಎಂದು 1993ರ ಆರ್‌ಎಫ್‌ಸಿ 1543 ವಿಧಿಸಿತು. ಸುರಕ್ಷತೆಯನ್ನು ಇಲ್ಲಿ ಚರ್ಚಿಸಿಲ್ಲ ಎಂಬ ಒಂದು ಸಾಲು ಎಷ್ಟೋ ಪತ್ರಗಳಲ್ಲಿ ಆ ಜಾಗ ತುಂಬಿತು. ವಿಧಿ ನೆರವೇರಿತು, ಪ್ರಶ್ನೆ ಹಾಗೇ ಉಳಿಯಿತು.

2003ರ ಆರ್‌ಎಫ್‌ಸಿ 3552 ಹೆಚ್ಚಿನದನ್ನು ಕೇಳಿತು: ಯಾವ ದಾಳಿಯಿಂದ ಕಾಯುತ್ತೀರಿ, ಯಾವುದಕ್ಕೆ ಇನ್ನೂ ಈಡಾಗಿದ್ದೀರಿ, ಯಾವುದನ್ನು ಲೆಕ್ಕದಿಂದ ಹೊರಗಿಟ್ಟಿರಿ, ಏಕೆ? ಬೇಲಿ ಹಾಕಿದ್ದನ್ನು ಯಾರಾದರೂ ಹೇಳಿಯಾರು. ಬೇಲಿ ಎಲ್ಲಿ ಮುಗಿಯಿತೆಂದು ಹೇಳುವವನೇ ಊರಿಗೆ ಬೇಕಾದವನು.

ಗೂಢಲಿಪಿಯಲ್ಲಿ ಮಾತಾಡುವ ಎರಡು ಯಂತ್ರಗಳ ನಡುವೆ ಸಂಪರ್ಕ ಇನ್ನೂ ಜೀವಂತವಿದೆಯೇ ಎಂದು ನಾಡಿ ಹಿಡಿದು ನೋಡುವ ಕ್ರಮವನ್ನು 2012ರ ಆರ್‌ಎಫ್‌ಸಿ 6520 ಹೇಳಿತು. ಸುರಕ್ಷತೆಯ ಭಾಗದಲ್ಲಿ, ಹೊಸದಾಗಿ ಯೋಚಿಸಬೇಕಾದ್ದು ಏನೂ ಇಲ್ಲವೆಂದಿತು. 2014ರಲ್ಲಿ, ಇದೇ ನಾಡಿ ಹಿಡಿಯುವ ಸಂದೇಶದ ಮೂಲಕ ಯಂತ್ರದ ಗುಟ್ಟುಗಳನ್ನು ಸೋರಿಸುವ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಾಯಿತು. ದೋಷವಿದ್ದದ್ದು ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ. ಸಂದೇಶ ಹೇಳಿಕೊಂಡ ಉದ್ದ ಅತಿಯಾದರೆ ಅದನ್ನು ಸದ್ದಿಲ್ಲದೆ ಬಿಸಾಡತಕ್ಕದ್ದು ಎಂಬ ನಿಯಮ ಆ ಪತ್ರದಲ್ಲೇ ಇತ್ತು. ಬಿಸಾಡದಿದ್ದರೆ ಏನಾದೀತು ಎಂಬ ಮಾತು ಇರಲಿಲ್ಲ. ಕಾವಲಿನವನ ಕೈಗೆ ಬೀಗ ಕೊಟ್ಟಿದ್ದರು. ಒಳಗೆ ಏನಿದೆಯೆಂದು ಹೇಳಿರಲಿಲ್ಲ.

ಸಿದ್ಧ ಒಕ್ಕಣೆ ಸೋಮಾರಿಗೆ ಹಾಸಿಗೆ, ಎಚ್ಚರಿರುವವನಿಗೆ ಹೊಸ್ತಿಲು.

ಕಡ್ಡಾಯವನ್ನು ತೆಗೆದುಹಾಕಿ ಎನ್ನುವವರು ಪೊಳ್ಳು ಉತ್ತರಗಳನ್ನು ತೋರಿಸುತ್ತಾರೆ. ಪೊಳ್ಳು ಉತ್ತರವೂ ಕೇಳಿದ್ದಕ್ಕೇ ಬಂದದ್ದು. ಕೇಳದೆ ಬಿಟ್ಟರೆ ಪೊಳ್ಳೆಂದು ತಿಳಿಯುವ ದಾರಿಯೂ ಮುಚ್ಚುತ್ತದೆ.

1998ರ ಅಕ್ಟೋಬರ್ 16ರಂದು ಜಾನ್ ಪೋಸ್ಟೆಲ್ ತೀರಿಕೊಂಡರು. ದಶಕಗಳ ಕಾಲ ಆರ್‌ಎಫ್‌ಸಿಗಳ ಸಂಪಾದಕರಾಗಿದ್ದವರು. 1543ನ್ನು ಬರೆದವರೂ ಅವರೇ. ಗೆಳೆಯ ವಿಂಟ್ ಸರ್ಫ್ ಬರೆದ ನುಡಿನಮನ ಅದೇ ತಿಂಗಳು ಆರ್‌ಎಫ್‌ಸಿ 2468 ಆಗಿ ಪ್ರಕಟವಾಯಿತು. ಅದರಲ್ಲೂ ಸುರಕ್ಷತೆಯ ಭಾಗವಿದೆ: ಈ ಸ್ಮರಣೆಗೆ ಅದು ಸಂಬಂಧಿಸಿಲ್ಲ ಎಂಬ ಒಂದೇ ಸಾಲು.