ಆಪದ್ಗ್ರಸ್ತನ ಸೇವೆ: ವ್ರತಭಂಗವೇ, ವ್ರತಪಾಲನೆಯೇ?



ಪ್ರಾಯಶ್ಚಿತ್ತದ ಭೇದಗಳಲ್ಲಿ ಆಲೋಚನೆಯು ಮೊದಲನೆಯದು. ತನ್ನಿಂದಾದ ದೋಷವನ್ನು ಮರೆಮಾಚದೆ ನಿವೇದಿಸುವುದೇ ಆಲೋಚನೆ. ಗುರುಸನ್ನಿಧಿಯಲ್ಲಿ ಹಿಂದೆಯೇ ನಿವೇದಿಸಿದ ಒಂದು ದೋಷವನ್ನು ಇಂದು ಶ್ರಾವಕ-ಶ್ರಾವಿಕೆಯರ ಮುಂದಿಡುತ್ತಿದ್ದೇನೆ. ಏಕೆಂದರೆ ಅದು ನನ್ನೊಬ್ಬನಲ್ಲಿ ಮಾತ್ರ ಇರುವ ದೋಷವೆಂದು ನನಗೆ ತೋರುವುದಿಲ್ಲ.

1994ರ ಅನಂತ ಚತುರ್ದಶಿ. ಆಗ ನಾನು ಅಬ್ಬೆತುಮಕೂರಿನಲ್ಲಿ ಶಿಕ್ಷಕನಾಗಿದ್ದೆ. ಉಪವಾಸವನ್ನು ಧರಿಸಿ, ಯಾದಗಿರಿಯ ಬಂಧುಗಳಲ್ಲಿ ಪೂಜೆ ಮುಗಿಸಿ ಜೀಪಿನಲ್ಲಿ ಊರಿಗೆ ಮರಳುತ್ತಿದ್ದೆ. ದಾರಿಯ ಅಂಚಿನಲ್ಲಿ ಸೈಕಲ್ಲಿನೊಡನೆ ಒಬ್ಬ ಕೂಲಿಕಾರ ಬಿದ್ದಿದ್ದ. ಯಾವುದೋ ವಾಹನ ಬಡಿದು ಹೋಗಿತ್ತು. ತೊಡೆಯಿಂದ ರಕ್ತ ಹರಿಯುತ್ತಿತ್ತು. ನಾನು ಇಳಿದೆ. “ಮಾಸ್ತರ್ರೇ, ಮುಟ್ಟಬ್ಯಾಡ್ರಿ. ಪೊಲೀಸ್ ಕೇಸ್ ಆಗ್ತದ, ಕೋರ್ಟಿಗಿ ಅಡ್ಡಾಡಬೇಕಾಗ್ತದ” ಎಂದು ಜೊತೆಯವರು ಕೂಗಿದರು. ಉಪವಾಸದ ದಿನ, ರಕ್ತದ ಸ್ಪರ್ಶ ಎಂದು ನನ್ನ ಮನಸ್ಸೂ ಒಂದು ನೆಪವನ್ನು ಒದಗಿಸಿತು. ನನ್ನ ಕೈಚೀಲದಲ್ಲಿ ಒಗೆದು ಮಡಿಸಿದ ಪೂಜೆಯ ಉತ್ತರೀಯವಿತ್ತು. ಅವನಿಗೆ ಆ ಕ್ಷಣದಲ್ಲಿ ಬೇಕಾಗಿದ್ದುದು ಅದೊಂದೇ. ನಾನು ಜೀಪನ್ನೇರಿದೆ. ಅವನು ಬದುಕಿದನೋ ಇಲ್ಲವೋ ತಿಳಿಯಲಿಲ್ಲ. ತಿಳಿಯಲು ನಾನು ಯತ್ನಿಸಲೂ ಇಲ್ಲ. ಮರುದಿನ ನಿರ್ವಿಘ್ನವಾಗಿ ಪಾರಣೆಯಾಯಿತು.

ಅಂದಿನ ಭಯ ನಿರಾಧಾರವಾಗಿರಲಿಲ್ಲ. ಗಾಯಗೊಂಡವನಿಗೆ ಚಿಕಿತ್ಸೆ ನೀಡುವುದು ವೈದ್ಯನ ಕರ್ತವ್ಯ, ಕಾನೂನಿನ ವಿಧಿವಿಧಾನಗಳು ಅದಕ್ಕೆ ಅಡ್ಡಬರಬಾರದು ಎಂದು ಸುಪ್ರೀಂ ಕೋರ್ಟು 1989ರಲ್ಲಿಯೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿತ್ತು. ಆದರೆ ಗಾಯಾಳುವನ್ನು ಕರೆತಂದ ದಾರಿಹೋಕನಿಗೆ ನಿಶ್ಚಿತ ರಕ್ಷಣೆ ದೊರೆತದ್ದು ಬಹಳ ತಡವಾಗಿ. 2016ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಕೇಂದ್ರ ಸರ್ಕಾರದ ಮಾರ್ಗಸೂಚಿಗಳಿಗೆ ಕಾನೂನಿನ ಬಲವನ್ನಿತ್ತಿತು. ಪರೋಪಕಾರಿಯನ್ನೂ ವೈದ್ಯನನ್ನೂ ರಕ್ಷಿಸುವ ನಮ್ಮ ರಾಜ್ಯದ 2016ರ ಅಧಿನಿಯಮಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತವಾಯಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ 134ಎ ಎಂಬ ಕಲಮು ಸೇರಿತು. ಸದ್ಭಾವದಿಂದ, ಸ್ವಇಚ್ಛೆಯಿಂದ, ಪ್ರತಿಫಲಾಪೇಕ್ಷೆಯಿಲ್ಲದೆ ನೆರವಾದವನ ಮೇಲೆ, ಆ ನೆರವಿನಲ್ಲಿ ತಪ್ಪು ಸಂಭವಿಸಿ ಗಾಯಾಳುವಿಗೆ ಹಾನಿಯಾದರೂ, ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ. ಅವನು ತನ್ನ ಹೆಸರು-ವಿಳಾಸವನ್ನು ಹೇಳಲೇಬೇಕೆಂಬ ಬಲವಂತವೂ ಇಲ್ಲ.

ಹಾಗಾದರೆ ಪ್ರಶ್ನೆ ಮುಗಿಯಿತೇ? ಇಲ್ಲ. 2017ರ ಫೆಬ್ರವರಿಯಲ್ಲಿ, ಸುಪ್ರೀಂ ಕೋರ್ಟಿನ ಆದೇಶವಾಗಿ ವರ್ಷವೂ ತುಂಬದಿರುವಾಗ, ಕೊಪ್ಪಳದಲ್ಲಿ ಹದಿನೆಂಟು ವರ್ಷದ ಸೈಕಲ್ ಸವಾರನೊಬ್ಬನು ಅಪಘಾತಕ್ಕೀಡಾಗಿ ನೆರವಿಗಾಗಿ ಮೊರೆಯಿಡುತ್ತಿದ್ದರೆ, ಸುತ್ತ ನಿಂತವರು ಮೊಬೈಲಿನಲ್ಲಿ ಚಿತ್ರ ತೆಗೆದರು. ಆ ತರುಣ ಉಳಿಯಲಿಲ್ಲ. ಕಾನೂನು ಭಯಕ್ಕಿದ್ದ ಒಂದು ಕಾರಣವನ್ನು ತೆಗೆದುಹಾಕಬಲ್ಲುದು, ಕರುಣೆಯನ್ನು ಹುಟ್ಟಿಸಲಾರದು. ಅದು ಧರ್ಮದ ಕಾರ್ಯ. ಆದುದರಿಂದ ವ್ರತಿಗಳಾದ ನಮ್ಮ ಮನಸ್ಸಿನಲ್ಲಿ ಏಳುವ ಸಂದೇಹಗಳನ್ನು ವಿಚಾರಿಸಬೇಕು.

ಮೊದಲನೆಯ ಸಂದೇಹ: ಉಪವಾಸದಲ್ಲಿದ್ದಾಗ ರಕ್ತವನ್ನು ಮುಟ್ಟಿದರೆ ವ್ರತ ಕೆಡುವುದಿಲ್ಲವೇ? ಉಪವಾಸದಲ್ಲಿ ನಾವು ತ್ಯಜಿಸುವುದು ಚತುರ್ವಿಧ ಆಹಾರವನ್ನು, ಆರಂಭಾದಿಗಳನ್ನು, ದಯೆಯನ್ನಲ್ಲ. ಸಮಂತಭದ್ರಾಚಾರ್ಯರು ಪ್ರೋಷಧೋಪವಾಸಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ನೋಡದೆ, ಒರೆಸದೆ ವಸ್ತುವನ್ನು ತೆಗೆದುಕೊಳ್ಳುವುದು, ಹಾಗೆಯೇ ಇಡುವುದು, ಹಾಗೆಯೇ ಹಾಸುವುದು, ಅನಾದರ, ವಿಸ್ಮರಣೆ. ಇವುಗಳಲ್ಲಿ ನೊಂದವನ ಸೇವೆ ಎಲ್ಲಿದೆ? ಸಮ್ಯಗ್ದರ್ಶನದ ಮೂರನೆಯ ಅಂಗವಾದ ನಿರ್ವಿಚಿಕಿತ್ಸೆಗೆ ಉದ್ದಾಯನ ರಾಜನೇ ನಿದರ್ಶನ. ರೋಗಿಯಾದ ಮುನಿಯ ವೇಷದಲ್ಲಿ ಬಂದ ದೇವನು ವಾಂತಿಮಾಡಿದಾಗ ರಾಜನು ಹೇಸದೆ ಉಪಚರಿಸಿದನು. “ಅಲ್ಲಿದ್ದುದು ಮುನಿವೇಷ, ಇಲ್ಲಿರುವವನು ದಾರಿಹೋಕ” ಎನ್ನಬಹುದು. ನಮ್ಮ ನೆರೆಯ ಮಳಖೇಡದಿಂದ ಆಳಿದ ಅಮೋಘವರ್ಷನ ಕಾಲದ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಪಾತ್ರದತ್ತಿಯೊಡನೆ ದಯಾದತ್ತಿಯನ್ನೂ ಬೇರೆಯಾಗಿ ಹೇಳಿದ್ದಾರೆ. ದಯಾದತ್ತಿಗೆ ಪಾತ್ರಾಪಾತ್ರ ವಿಚಾರವಿಲ್ಲ. ದುಃಖವೇ ಅದರ ಅರ್ಹತೆ.

ಎರಡನೆಯ ಸಂದೇಹ: ನಾನು ಎತ್ತಿದಾಗಲೇ ಅವನು ಸತ್ತರೆ ಹಿಂಸೆಯ ದೋಷ ನನಗಲ್ಲವೇ? ಉಮಾಸ್ವಾಮಿಗಳು ಹಿಂಸೆಯ ಲಕ್ಷಣದಲ್ಲಿ ಪ್ರಾಣಘಾತಕ್ಕಿಂತ ಮೊದಲು ಪ್ರಮತ್ತಯೋಗವನ್ನಿಟ್ಟಿದ್ದಾರೆ. ಪ್ರಮಾದವಿಲ್ಲದೆ, ಯತ್ನಾಚಾರದಿಂದ ನಡೆದವನಿಗೆ ಕೇವಲ ಪ್ರಾಣವಿಯೋಗದಿಂದ ಹಿಂಸೆಯ ದೋಷವಿಲ್ಲ. ಕಾನೂನಿನ “ಸದ್ಭಾವ”ವೂ ಇದೇ ದಿಕ್ಕಿನ ಮಾತು. ಆದರೆ ಒಂದು ಭೇದವನ್ನು ಮರೆಯಬಾರದು. ಕಾನೂನು ನೆರವಾದವನ ಅಜಾಗರೂಕತೆಯನ್ನೂ ಕ್ಷಮಿಸುತ್ತದೆ. ಧರ್ಮವು ಪ್ರಮಾದವನ್ನು ಕ್ಷಮಿಸುವುದಿಲ್ಲ. ಆದುದರಿಂದ ಪ್ರಥಮ ಚಿಕಿತ್ಸೆಯ ವಿಧಾನವನ್ನು ಕಲಿಯುವುದು ನಮಗೆ ಯತ್ನಾಚಾರದ ಭಾಗವೇ. ರಕ್ತ ಹರಿಯುತ್ತಿದ್ದರೆ ಶುಭ್ರವಾದ ಬಟ್ಟೆಯನ್ನಿಟ್ಟು ಅಂಗೈಯಿಂದ ಬಿಡದೆ ಬಲವಾಗಿ ಒತ್ತಬೇಕು; ಬಟ್ಟೆ ನೆನೆದರೆ ಕೀಳದೆ ಮೇಲೊಂದನ್ನಿಡಬೇಕು. ಎಚ್ಚರವಿಲ್ಲದವನ ಬಾಯಿಗೆ ನೀರೆರೆಯಬಾರದು. ಬೆಂಕಿ ಅಥವಾ ವಾಹನಗಳ ಅಪಾಯವಿಲ್ಲದಿದ್ದರೆ ಅವನನ್ನು ಎಳೆದಾಡಬಾರದು. ಕೂಡಲೇ 108ಕ್ಕೆ ಕರೆಮಾಡಬೇಕು.

ಮೂರನೆಯದು ಸಂದೇಹವಲ್ಲ, ಪ್ರಲೋಭನೆ. ಅಪಘಾತದಲ್ಲಿ ಗಂಭೀರವಾಗಿ ಗಾಯಗೊಂಡವನನ್ನು ಸಕಾಲದಲ್ಲಿ ಆಸ್ಪತ್ರೆಗೆ ಸೇರಿಸಿದವರಿಗೆ ಕೇಂದ್ರ ಸರ್ಕಾರವು 2021ರಲ್ಲಿ 5,000 ರೂಪಾಯಿ ಬಹುಮಾನವನ್ನು ಘೋಷಿಸಿ, 2025ರಲ್ಲಿ ಅದನ್ನು 25,000ಕ್ಕೆ ಏರಿಸಿತು. ಜನರನ್ನು ಹುರಿದುಂಬಿಸಲು ಅದು ಸಾಧುವಾದ ಉಪಾಯವೇ. ಆದರೆ ಪ್ರತಿಫಲವನ್ನು ಬಯಸದವನನ್ನೇ ಕಾನೂನು ಪರೋಪಕಾರಿಯೆಂದು ಕರೆದಿದೆ. ನಿಃಕಾಂಕ್ಷಿತವು ನಮ್ಮ ದರ್ಶನದ ಎರಡನೆಯ ಅಂಗವೂ ಹೌದು. ಬಯಸದೆ ಬಂದ ಹಣ ಔಷಧದಾನಕ್ಕೆ ಸಲ್ಲಲಿ.

ಇನ್ನುಳಿದದ್ದು ಮೊದಲನೆಯ ಅಂಗವಾದ ನಿಃಶಂಕಿತ. ಸಪ್ತಭಯಗಳನ್ನು ಗೆಲ್ಲಬೇಕೆಂದು ದಿನವೂ ಶಾಸ್ತ್ರವನ್ನೋದಿದ ನಾನು ಠಾಣೆಯ ಮೆಟ್ಟಿಲಿಗೆ ಅಂಜಿದೆ. ಕಾನೂನಿನ ಆಸರೆ ಅಂದು ನನಗಿರಲಿಲ್ಲವೆಂಬುದು ನಿಜ. ಆದರೆ ಆ ಆಸರೆ ದೊರೆಯುವವರೆಗೆ ಕಾಯಬೇಕೆಂದು ಯಾವ ಆಚಾರ್ಯರೂ ಹೇಳಿರಲಿಲ್ಲ. ನಾನು ಆ ದಿನ ಅನ್ನವನ್ನು ಬಿಟ್ಟೆ, ನೀರನ್ನು ಬಿಟ್ಟೆ, ಅವನನ್ನೂ ಬಿಟ್ಟೆ. ಅಂತಹ ಉಪವಾಸವನ್ನು ಲಂಘನವೆನ್ನಬೇಕಲ್ಲದೆ ತಪಸ್ಸೆನ್ನಲಾಗದು.

ದಶಲಕ್ಷಣ ಪರ್ವದಲ್ಲಿ ನಾವು ಅನೇಕ ನಿಯಮಗಳನ್ನು ಧರಿಸುತ್ತೇವೆ. ಈ ವರ್ಷ ಪ್ರತಿ ಮನೆಯವರೂ ಇನ್ನೊಂದನ್ನು ಸೇರಿಸಿಕೊಳ್ಳಬೇಕೆಂದು ಪ್ರಾರ್ಥನೆ: ದಾರಿಯಲ್ಲಿ ಬಿದ್ದವನನ್ನು ಕಂಡೂ ನಿಲ್ಲದೆ ಹೋಗೆನು. ಪರ್ವದ ಒಂದು ಮಧ್ಯಾಹ್ನ ಬಸದಿಯ ಅಂಗಳಕ್ಕೆ ವೈದ್ಯರೊಬ್ಬರನ್ನು ಕರೆಸಿ, ಹಿರಿಯರೂ ಮಕ್ಕಳೂ ಕುಳಿತು ಪ್ರಥಮ ಚಿಕಿತ್ಸೆಯನ್ನು ಕಲಿಯಲಿ. ಪೂಜೆಗೆ ಹೊರಡುವಾಗ ಕೈಚೀಲದಲ್ಲಿ ಒಗೆದ ಬಟ್ಟೆಯೊಂದು ಹೆಚ್ಚಾಗಿರಲಿ. ನನ್ನ ಚೀಲದಲ್ಲಿ ಈಗ ಇರುತ್ತದೆ.